ಕೊನೆಯ ಸ್ಟಾಪ್, ತನಾ ಲೋಟ್

ಹಿಂದಿನ ಸೀಟಿನಲ್ಲಿ ಕೂತವರನ್ನು ಕನ್ನಡಿಯಲ್ಲಿ ನೋಡಬಾರದು ಎನ್ನುವುದು ನನ್ನ ನಿಯಮ. ಹನಿಮೂನಿಗೆ ಬಂದವರಿರುತ್ತಾರೆ, ಮುನಿಸಿಕೊಂಡವರಿರುತ್ತಾರೆ. ಡ್ರೈವರನ ಕಣ್ಣು ರಸ್ತೆಯ ಮೇಲಿದ್ದರೆ ಎಲ್ಲರಿಗೂ ಕ್ಷೇಮ. ಅವತ್ತೊಂದು ದಿನ ಮಾತ್ರ ನಾನು ಕನ್ನಡಿಯನ್ನೇ ನೋಡಿಕೊಂಡು ಕಾರು ಓಡಿಸಿದೆ.

ಆಫೀಸಿನಿಂದ ಬಂದ ಮೆಸೇಜಿನಲ್ಲಿ ಹೆಚ್ಚೇನೂ ಇರಲಿಲ್ಲ. ಪ್ರೈವೇಟ್ ಟೂರ್, ಒಂದು ದಿನ, ಒಬ್ಬರೇ ಅತಿಥಿ, ಹೆಸರು ಮಿಸ್ ಎಸ್., ತಬಾನಾನ್ ಮಾರುಕಟ್ಟೆಯ ಮುಂದೆ ಹತ್ತಿಸಿಕೊಳ್ಳಬೇಕು. ಹೋಟೆಲೇ ಇಲ್ಲದ ಆ ಕಡೆ ವಿದೇಶಿಯರು ಯಾಕೆ ನಿಂತಿರುತ್ತಾರೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಬಾನಾನ್ ಎಂಬ ಹೆಸರು ಕೇಳಿದರೆ ಸಾಕು, ನನ್ನ ತಲೆ ಕೆಲಸ ನಿಲ್ಲಿಸುತ್ತಿದ್ದ ಕಾಲ ಅದು.

ಕಾಯಿ, ಹೂವು, ಕೋಳಿ ಮಾರುವವರ ನಡುವೆ ‘ಮಿಸ್ ಎಸ್.’ ಎಂಬ ಬೋರ್ಡು ಹಿಡಿದು ಪೆದ್ದನಂತೆ ನಿಂತಿದ್ದೆ.

“ಬೋರ್ಡು ಸ್ವಲ್ಪ ಮೇಲೆ ಹಿಡೀಬೇಕು ಬ್ಲಿ. ಗೆಸ್ಟಿಗೆ ಕಾಣಲ್ಲ.”

ಬ್ಲಿ ಎಂದರೆ ಅಣ್ಣ. ನಮ್ಮಲ್ಲಿ ಡ್ರೈವರನನ್ನೂ ಹಾಗೇ ಕರೆಯುತ್ತಾರೆ, ಹುಡುಗಿಯರು ತಾವು ಪ್ರೀತಿಸುವವನನ್ನೂ ಹಾಗೇ ಕರೆಯುತ್ತಾರೆ. ಬೆನ್ನ ಹಿಂದೆ ಬಂದ ಈ ದನಿಯನ್ನು ನಾನು ಮೂರು ತಿಂಗಳಿಂದ ಕೇಳಿರಲಿಲ್ಲ. ತಿರುಗಿದರೆ ಸೆಕಾರ್. ದೊಡ್ಡ ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಹೂವಿನ ಗೌನು.

“ಏನೇ ಇದು ವೇಷ?”

“ಏನೇ ಅಂತೀರಲ್ಲ! ಮೇಡಂ ಅನ್ನಿ. ದುಡ್ಡು ಕಟ್ಟಿ ಬಂದಿರೋಳು ನಾನು,” ಎಂದು ಅವಳೇ ಹಿಂದಿನ ಬಾಗಿಲ ಬಳಿ ಹೋಗಿ, ನಾನು ಬಂದು ತೆರೆಯಲಿ ಎಂದು ಕೈಕಟ್ಟಿ ನಿಂತಳು.

ನಾನು ತೆರೆದೆ. ನಾಲ್ಕು ವರ್ಷ ಮುಂದಿನ ಸೀಟಿನಲ್ಲೇ ಕೂತು, ನನ್ನ ಹಾಡುಗಳನ್ನೆಲ್ಲ ಬದಲಿಸಿ, ಡ್ಯಾಶ್‌ಬೋರ್ಡಿನ ಮೇಲೆ ಕಾಲಿಟ್ಟು ಬೈಸಿಕೊಂಡವಳು ಅವತ್ತು ಮಡಿಲಲ್ಲಿ ಕೈಯಿಟ್ಟುಕೊಂಡು ಹಿಂದೆ ಕೂತಳು.

“ಎಲ್ಲಿಗೆ ಮೇಡಂ?”

“ವಿದೇಶದವರಿಗೆ ಏನೇನು ತೋರಿಸ್ತೀರೋ ಎಲ್ಲಾ. ಹುಟ್ಟಿದಾಗಿಂದ ಇದೇ ದ್ವೀಪದಲ್ಲಿದೀನಿ, ಗುಡಿ ಮನೆ ಹೊಲಿಗೆ ಮಿಷನ್ನು ಬಿಟ್ಟು ಏನು ನೋಡಿದೀನಿ? ಕೊನೇ ಸ್ಟಾಪ್ ಯಾವುದು ಅಂತ ನಾನೇ ಹೇಳ್ತೀನಿ.”

ಅವಳು ನೃತ್ಯದ ಉಡುಪು ಹೊಲಿಯುವವಳು. ಒಮ್ಮೆ ಫೋಟೋ ಹುಚ್ಚಿನ ಅತಿಥಿಗಳನ್ನು ಅವಳ ಅಂಗಡಿಗೆ ಕರೆದೊಯ್ದಿದ್ದೆ. ಅವರು ಕಿರೀಟ ಹಾಕಿಕೊಂಡು ಕುಣಿಯುವಾಗ, ಬಾಯಲ್ಲಿ ಸೂಜಿ ಕಚ್ಚಿಕೊಂಡು ನಗು ತಡೆಯುತ್ತಿದ್ದ ಅವಳನ್ನು ನೋಡಿದೆ. ಅಲ್ಲಿಗೆ ನನ್ನ ಕತೆ ಮುಗಿಯಿತು.

ನಾನು ಗಿಯಾನ್ಯಾರ್ ಕಡೆಯವನು, ಅಪ್ಪ ಅಮ್ಮನಿಗೆ ಒಬ್ಬನೇ ಮಗ. ಅವಳು ತಬಾನಾನಿನವಳು, ಒಬ್ಬಳೇ ಮಗಳು. ಇಷ್ಟು ಹೇಳಿದರೆ ನಮ್ಮಲ್ಲಿ ಯಾರೂ ಮುಂದಿನದನ್ನು ಕೇಳುವುದಿಲ್ಲ, ‘ಅಯ್ಯೋ ಪಾಪ’ ಎಂದು ಎದ್ದು ಹೋಗುತ್ತಾರೆ. ಅವಳನ್ನು ಮದುವೆಯಾಗುವವನು ಅವಳ ಮನೆಗೇ ಬರಬೇಕು, ಮನೆ ಅಳಿಯನಾಗಿ. ತನ್ನ ಹಿರಿಯರ ಗುಡಿಯನ್ನು ಬಿಟ್ಟು ಅವಳ ಹಿರಿಯರಿಗೆ ಹೂವಿಡಬೇಕು. ನಮ್ಮೂರಲ್ಲಿ ಹಾಗೆ ಹೋದವನನ್ನು ‘ಅವರ ಮನೆ ಸೊಸೆ’ ಎಂದು ಆಡಿಕೊಳ್ಳುತ್ತಾರೆ. ಅದನ್ನು ಹೇಗೋ ಸಹಿಸಬಹುದಿತ್ತು, ಆದರೆ ನಮ್ಮ ಮನೆಗುಡಿಗೆ ನನ್ನನ್ನು ಬಿಟ್ಟರೆ ದಿಕ್ಕಿಲ್ಲ. ಎರಡೂ ಮನೆಗೆ ಸೇರುವ ಮದುವೆಗಳು ಈಗೀಗ ಆಗುತ್ತವೆಯಲ್ಲ ಎಂದು ಕೇಳಿ ನೋಡಿದೆವು. ‘ಎರಡು ದೋಣಿ ಮೇಲೆ ಕಾಲಿಟ್ಟವನು ನೀರಿಗೇ ಬೀಳೋದು’ ಎಂದರು ಅಪ್ಪ. ಅವಳ ದೊಡ್ಡಪ್ಪ ಅದನ್ನೇ ಇನ್ನೂ ಖಾರವಾಗಿ ಹೇಳಿದರು. ಆಮೇಲೊಂದು ದಿನ ಸೆಕಾರ್ ಫೋನೆತ್ತುವುದನ್ನು ನಿಲ್ಲಿಸಿದಳು.

ಈಗ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಾಳೆ. ನಾನು ಕನ್ನಡಿಯಲ್ಲಿ ನೋಡಿದಾಗ ಅವಳು ಕಣ್ಣು ತಪ್ಪಿಸುತ್ತಾಳೆ. ನಾನು ರಸ್ತೆ ನೋಡಿದಾಗ ಅವಳು ಕನ್ನಡಿ ನೋಡುತ್ತಾಳೆ. ಅದು ನನಗೆ ಗೊತ್ತು, ನನಗೆ ಗೊತ್ತು ಎಂಬುದು ಅವಳಿಗೂ ಗೊತ್ತು.

“ಡ್ರೈವರ್, ರಸ್ತೆ ಮುಂದಿದೆ.”

“ನೋಡೋ ಜಾಗ ಹಿಂದಿದೆ ಮೇಡಂ.”

ಅವಳು ಕನ್ನಡಕ ಸರಿಮಾಡಿಕೊಂಡಳು, ತುಟಿಯ ನಗು ಮಾತ್ರ ಮುಚ್ಚಲಾಗಲಿಲ್ಲ.

ತೆಗಲಾಲಂಗ್‌ನ ಮೆಟ್ಟಿಲು ಗದ್ದೆಗಳ ಮೇಲೆ, ಎತ್ತರದ ತೆಂಗಿನ ಮರಗಳಿಗೆ ಜೋಕಾಲಿ ಕಟ್ಟಿದ್ದಾರೆ. ವಿದೇಶದ ಹುಡುಗಿಯರು ಬಾಡಿಗೆಯ ಕೆಂಪು ಗೌನು ತೊಟ್ಟು ಜೀಕುತ್ತಾರೆ. ಅಂಥ ಫೋಟೋ ಕಂಡಾಗಲೆಲ್ಲ ನಾವು ಆಡಿಕೊಂಡು ನಕ್ಕವರು. ಸೆಕಾರ್ ಸೀದಾ ಹೋಗಿ ಕೆಂಪು ಗೌನನ್ನೇ ಕೇಳಿದಳು. ಹೊಲಿಗೆ ನೋಡಿ ಮೂಗು ಮುರಿದಳು, ಆದರೂ ತೊಟ್ಟಳು.

ಜೋಕಾಲಿ ಕಣಿವೆಯ ಮೇಲಕ್ಕೆ ಹಾರಿತು. ಗೌನಿನ ಸೆರಗು ಅವಳ ಹಿಂದೆ ಉದ್ದಕ್ಕೆ ಬಿಚ್ಚಿಕೊಂಡಿತು. ಎರಡನೆಯ ಸಲ ಮೇಲೇರುವಾಗ ಅವಳು ಗಂಟಲು ಹರಿಯುವಂತೆ ಕೂಗಿದಳು.

“ಪುತು ಮೆರ್ತಾಆಆ!”

ಅದು ನನ್ನ ಹೆಸರು. ಅವಳ ಊರಿನಲ್ಲಿ ಪಿಸುದನಿಯಲ್ಲೂ ಹೇಳಲಾಗದ ಹೆಸರು. ಗದ್ದೆಯಲ್ಲಿದ್ದವರು ತಲೆಯೆತ್ತಿದರು, ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಅಷ್ಟು ಜನರ ಮುಂದೆ ನಾನು ಯಾರಿಗೋ ಸೇರಿದವನಾದೆ ಎಂದು ನನ್ನ ಕಣ್ಣು ತುಂಬಿತು. ಆ ಕ್ಷಣವೇ ತೀರ್ಮಾನಿಸಿಬಿಟ್ಟೆ.

ಊಟಕ್ಕೆ ರಸ್ತೆ ಬದಿಯ ಚಿಕ್ಕ ಅಂಗಡಿಗೆ ಹೋದೆವು. ಸುಟ್ಟ ಹಂದಿಮಾಂಸ, ಅನ್ನ, ಕಣ್ಣಲ್ಲಿ ನೀರು ಬರಿಸುವ ಸಂಬಲ್ ಚಟ್ನಿ. ಅವಳು ತನ್ನ ತಟ್ಟೆಯ ಗರಿಗರಿ ಚರ್ಮವನ್ನು ನನ್ನ ತಟ್ಟೆಗೆ ಹಾಕಿದಳು. ನಾಲ್ಕು ವರ್ಷದ ಅಭ್ಯಾಸ. ಹಾಕಿದ ಮೇಲೆ ಕೈ ಹಿಂದೆಳೆದುಕೊಂಡಳು.

“ನಾನು ಬರ್ತೀನಿ ಸೆಕಾರ್,” ಎಂದೆ. “ನಿಮ್ಮ ಮನೆಗೇ ಬರ್ತೀನಿ. ಸೊಸೆ ಅನ್ನಲಿ, ಏನಾದ್ರೂ ಅನ್ಕೊಳ್ಳಲಿ. ಅಪ್ಪನ ಹತ್ರ ಇವತ್ತೇ ಹೇಳ್ತೀನಿ.”

ಅವಳು ಅನ್ನವನ್ನು ಬೆರಳಲ್ಲಿ ಕಲಸಿದಳು.

“ನಿಮ್ಮಮ್ಮ ಬಂದಿದ್ರು,” ಎಂದಳು.

“ಎಲ್ಲಿಗೆ?”

“ಅಂಗಡಿಗೆ. ಬಸ್ಸು ಹತ್ತಿ ಒಬ್ರೇ ಬಂದಿದ್ರು. ಬುಟ್ಟೀಲಿ ಬಾಳೆಹಣ್ಣು ತಂದಿದ್ರು. ಮಗ ಸರಿಯಾಗಿ ಊಟ ಮಾಡ್ತಿಲ್ಲ, ನೀನೇ ಕರ್ಕೊಂಡು ಹೋಗಮ್ಮ, ನಮ್ಮ ಗುಡಿಗೆ ನಾನಿರೋವರೆಗೂ ಹೂವಿಡ್ತೀನಿ ಅಂದ್ರು.”

ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ.

“ಬೈದಿದ್ರೆ ಅವತ್ತೇ ನಿನ್ನ ಜೊತೆ ಓಡಿ ಬಂದುಬಿಡ್ತಿದ್ದೆ ಬ್ಲಿ. ಬೈಯ್ಯಲಿಲ್ಲ. ಹಾಗನ್ನೋವಾಗ ಅವರ ಕೈ ನಡುಗ್ತಿತ್ತು. ಅವರು ಹೋದ್ಮೇಲೆ ಯಾರು ಇಡ್ತಾರೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಕೈಯಿಂದ ನಿನ್ನನ್ನ ಕಿತ್ಕೊಂಡು ಬಂದು ನಾನು ಸುಖವಾಗಿರ್ತೀನಾ? ಅವತ್ತಿಂದಲೇ ಫೋನೆತ್ತೋದು ಬಿಟ್ಟೆ.”

ಅಮ್ಮ ಬೆಳಗ್ಗೆ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡುವ ತೆಂಗಿನ ಗರಿಯ ಪುಟ್ಟ ಹೂಬುಟ್ಟಿ ನನ್ನ ಕಣ್ಣಮುಂದೆ ಬಂತು. ಅವತ್ತೂ ಇಟ್ಟಿದ್ದಳು. ಹೋಗಿ ಬಂದ ವಿಷಯ ಒಂದು ಮಾತೂ ಆಡಿರಲಿಲ್ಲ.

“ಇನ್ನೊಂದು ವಿಷಯ,” ಎಂದಳು ಸೆಕಾರ್. “ಪಕ್ಕದೂರಿನ ನೆಂಗಾ ಮನೆ ಅಳಿಯನಾಗೋಕೆ ಒಪ್ಕೊಂಡಿದಾನೆ. ಎರಡನೇ ಮಗ, ಅವರಣ್ಣ ಮನೆ ನೋಡ್ಕೋತಾನೆ. ಮದುವೆಗೆ ದಿನಾನೂ ನೋಡಿ ಆಗಿದೆ.”

“ಹೇಗಿದಾನೆ?”

“ಬಾತುಕೋಳಿ ಸಾಕ್ತಾನೆ. ಒಳ್ಳೇವನು. ಅದೇ ನನ್ನ ಕಷ್ಟ. ಅವನ ಪಕ್ಕದಲ್ಲಿ ಕೂತು ಪೂಜೆ ಮಾಡ್ತಾ ಮನಸ್ಸಲ್ಲಿ ನಿನ್ನ ಹೆಸರು ಹೇಳೋದು ಪಾಪ ಅಲ್ವಾ? ನನ್ನ ಕೈಲಿ ನಿನ್ನ ಬಿಡಕ್ಕೆ ಆಗ್ತಿಲ್ಲ. ಅದಕ್ಕೆ ದೇವರೇ ಬಿಡಿಸಲಿ ಅಂತ ಬಂದೆ.” ಅವಳು ಕೈ ತೊಳೆದು ಎದ್ದಳು. “ಕೊನೇ ಸ್ಟಾಪ್ ತನಾ ಲೋಟ್.”

ತನಾ ಲೋಟ್ ಎಂದರೆ ಸಮುದ್ರದ ನಡುವೆ ಬಂಡೆಯ ಮೇಲಿರುವ ಗುಡಿ. ಮದುವೆಯಾಗದ ಜೋಡಿ ಒಟ್ಟಿಗೆ ಅಲ್ಲಿಗೆ ಹೋದರೆ ಬೇರೆಯಾಗುತ್ತದೆ ಎಂದು ನಮ್ಮ ಕಡೆಯ ಪ್ರತಿ ಅಜ್ಜಿಯೂ ಹೇಳುತ್ತಾಳೆ. ಅತಿಥಿಗಳನ್ನು ಆಗಾಗ ಅಲ್ಲಿಗೆ ಕರೆದೊಯ್ಯುವವನು ನಾನು, ಅವರಿಗೇನೂ ಆಗುವುದಿಲ್ಲ. ಆ ಶಾಪ ಪಾಸ್‌ಪೋರ್ಟ್ ನೋಡಿಯೇ ತಗಲುವುದು ಎಂದು ನಾವು ಡ್ರೈವರುಗಳು ತಮಾಷೆ ಮಾಡುತ್ತೇವೆ. ಆದರೆ ನಾಲ್ಕು ವರ್ಷದಲ್ಲಿ ಸೆಕಾರ್‌ಳನ್ನು ಆ ದಿಕ್ಕಿಗೂ ಕರೆದೊಯ್ದಿರಲಿಲ್ಲ. ಅವಳ ಊರಿನಿಂದ ಹತ್ತಿರವೇ ಇದ್ದರೂ ಸುತ್ತು ಬಳಸಿ ಹೋಗುತ್ತಿದ್ದೆ.

ಊಟದ ನಂತರ ಅವಳು ಮುಂದಿನ ಬಾಗಿಲು ತೆರೆದು ನನ್ನ ಪಕ್ಕದಲ್ಲಿ ಕೂತಳು. ಟೋಪಿ, ಕನ್ನಡಕ ಹಿಂದಕ್ಕೆ ಎಸೆದಳು.

“ಹಾಡು ಬದಲಾಯಿಸ್ಲಾ?”

“ಬದಲಾಯ್ಸು.”

“ಕಾಲು ಇಡ್ಲಾ?”

“ಅಮ್ಮನ ಹೂಬುಟ್ಟಿ ಇದೆ, ಹುಷಾರು.”

ಅವಳು ಕಾಲಿಡಲಿಲ್ಲ. ಹೂಬುಟ್ಟಿಯಿಂದ ಜಾರಿದ್ದ ಒಂದು ಎಸಳನ್ನು ಮೆಲ್ಲಗೆ ಒಳಗಿಟ್ಟಳು. ನಾನು ಸಾಧ್ಯವಾದಷ್ಟು ನಿಧಾನ ಓಡಿಸಿದೆ. ಸ್ಕೂಟರುಗಳು, ಬಸ್ಸುಗಳು, ಕೊನೆಗೆ ಕಬ್ಬಿಣ ತುಂಬಿದ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು.

“ಲಾರಿನೂ ಮುಂದೆ ಹೋಯ್ತಲ್ಲೋ, ನಾಚಿಕೆ ಇಲ್ವಾ?”

“ಇಲ್ಲ.”

ಅವಳು ನಗಲು ಹೋಗಿ ಮುಖ ತಿರುಗಿಸಿಕೊಂಡಳು.

ತನಾ ಲೋಟ್‌ನ ಪಾರ್ಕಿಂಗಿನಲ್ಲಿ ಎಂಜಿನ್ ಆರಿಸಿದೆ. ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ.

“ಡ್ರೈವರುಗಳು ಇಲ್ಲೇ ಇರ್ತಾರೆ ಮೇಡಂ. ನೀವು ನೋಡ್ಕೊಂಡು ಬನ್ನಿ.”

“ಬ್ಲಿ.”

“ನಾನು ಇಳಿಯಲ್ಲ ಸೆಕಾರ್. ನಾನು ಬರದಿದ್ರೆ ಶಾಪ ತಗಲಲ್ಲ. ನಂಗೆ ಅಷ್ಟೇ ಸಾಕು.”

ಅವಳು ಇಳಿದು ಸುತ್ತಿ ಬಂದಳು. ಬೆಳಗ್ಗೆ ನಾನು ಅವಳಿಗೆ ತೆರೆದಂತೆಯೇ ನನ್ನ ಬಾಗಿಲನ್ನು ತೆರೆದು ಹಿಡಿದು, ತುಸು ಬಾಗಿ ನಿಂತಳು. ಇನ್ನೊಂದು ಕೈಯನ್ನು ಕಾರಿಗೆ ಊರಿದ್ದಳು. ಇನ್ನೊಂದು ನಿಮಿಷ ಕೂತಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು. ನಾನು ಇಳಿದೆ.

ಸಮುದ್ರ ಹಿಂದೆ ಸರಿದಿತ್ತು. ಒದ್ದೆ ಬಂಡೆಗಳ ಮೇಲೆ ನಡೆದು ಗುಡಿಯ ಬುಡ ಸೇರಬಹುದಿತ್ತು. ಪಾಚಿಯಲ್ಲಿ ಅವಳ ಕಾಲು ಜಾರಿದಾಗ ಕೈ ಹಿಡಿದೆ, ಆಮೇಲೆ ಬಿಡಲಿಲ್ಲ. ಮನಸ್ಸಿನಲ್ಲಿ ಅಲೆಗಳನ್ನು ಬೇಡಿಕೊಂಡೆ, ಈಗಲೇ ಬಂದು ದಾರಿ ಮುಚ್ಚಿಬಿಡಿ ಎಂದು. ಅವು ನನ್ನ ಮಾತು ಯಾಕೆ ಕೇಳುತ್ತವೆ!

ಬಿಳಿ ಬಟ್ಟೆಯ ಮುದುಕ ಪೂಜಾರಿ ತೀರ್ಥ ಚಿಮುಕಿಸಿ ಕೇಳಿದ, “ಗಂಡ ಹೆಂಡ್ತಿನೇನಪ್ಪಾ?”

“ಅಲ್ಲಜ್ಜ,” ಎಂದಳು ಸೆಕಾರ್. “ಅದಕ್ಕೇ ಬಂದಿದೀವಿ.”

ಅಕ್ಕಿಕಾಳು ಹಿಡಿದ ಅವನ ಕೈ ಗಾಳಿಯಲ್ಲೇ ನಿಂತಿತು. ನಮ್ಮಿಬ್ಬರನ್ನೂ ನೋಡಿದ. ಹಣೆಗೆ ಅಕ್ಕಿ ಒತ್ತಿ, ಕಿವಿಗೆ ಒಂದೊಂದು ದೇವಕಣಗಿಲೆ ಹೂವು ಸಿಕ್ಕಿಸಿ, ಎಲ್ಲರಿಗೂ ಒಮ್ಮೆ ಕೊಡುವ ತೀರ್ಥವನ್ನು ನಮಗೆ ಎರಡು ಸಲ ಕೊಟ್ಟ.

ಅಲ್ಲಿಂದ ಇಳಿಯುವಾಗ ವಿದೇಶಿ ಜೋಡಿಯೊಂದು ಫೋಟೋ ತೆಗೆಯಿರೆಂದು ಫೋನು ಕೊಟ್ಟಿತು. ತೆಗೆದೆ. ಆ ಹುಡುಗಿ ನಮ್ಮ ಹಣೆಯ ಅಕ್ಕಿ, ಕಿವಿಯ ಹೂವು ಕಂಡು ಏನೆಂದುಕೊಂಡಳೋ, ‘ನೀವೂ ನಿಂತ್ಕೊಳ್ಳಿ, ಎಷ್ಟು ಚೆನ್ನಾಗಿದೀರಿ’ ಎಂದು ತನ್ನ ಫೋನಿನಲ್ಲೇ ಕ್ಲಿಕ್ಕಿಸಿಬಿಟ್ಟಳು. ಯಾರಾದರೂ ನೋಡಿಯಾರೆಂದು ನಾವು ಒಂದು ಫೋಟೋವನ್ನೂ ತೆಗೆಸಿಕೊಂಡವರಲ್ಲ. ಕಳಿಸಲು ನಂಬರ್ ಕೇಳಿದಳು. ನಾನು ಹೇಳಲು ಬಾಯಿ ತೆರೆದೆ.

ಸೆಕಾರ್ ನನ್ನ ತೋಳು ಹಿಡಿದಳು. “ಬೇಡ. ಅವರ ಹತ್ರನೇ ಇರ್ಲಿ.”

ಪಾರ್ಕಿಂಗಿಗೆ ಬಂದು ನಾನು ಮುಂದಿನ ಬಾಗಿಲು ತೆರೆದೆ. ಅವಳು ಅದನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಬಾಗಿಲನ್ನು ತಾನೇ ತೆರೆದುಕೊಂಡು ಕೂತಳು. ದಾರಿಯುದ್ದಕ್ಕೂ ನಾನು ಕನ್ನಡಿ ನೋಡಲಿಲ್ಲ. ನೋಡಿದ್ದರೆ ಕಾರು ತಿರುಗಿಸಿಬಿಡುತ್ತಿದ್ದೆ.

ಮಾರುಕಟ್ಟೆಯ ಮುಂದೆ ಇಳಿದು ಅವಳು ಕಿಟಕಿಗೆ ಬಗ್ಗಿದಳು.

“ತುಂಬಾ ಚೆನ್ನಾಗಿ ತೋರಿಸಿದ್ರಿ ಬ್ಲಿ. ಹೋಗಿ ಬನ್ನಿ. ಅಮ್ಮನ ಕೈಯಡುಗೆ ಹೊಟ್ಟೆ ತುಂಬ ತಿನ್ನಿ.”

ಅತಿಥಿಯಂತೆ ಶುರುಮಾಡಿ ಅತಿಥಿಯಂತೆಯೇ ಮುಗಿಸಿದಳು. ಅವಳು ಹಿಂದಿರುಗಿ ನೋಡಲಿಲ್ಲ.

ನೆಂಗಾ ಅವಳ ಮನೆ ಸೇರಿದ ಎಂಬ ಸುದ್ದಿ ಬಂದ ಬೆಳಗ್ಗೆ ಅಮ್ಮ ಎಂದಿನಂತೆ ಕಾರಿನಲ್ಲಿ ಹೂಬುಟ್ಟಿ ಇಡಲು ಬಂದಳು.

“ಆ ಹುಡುಗಿ ಮದುವೆ ಆಯ್ತಂತಲ್ಲ ಮಗಾ?”

“ಹ್ಞೂಂ ಅಮ್ಮ.”

“ನಾನು ಹೋಗಿ ಕೇಳಿದ್ದೆ ಕಣೋ.”

“ಗೊತ್ತಮ್ಮ.”

ಅಮ್ಮ ಊದುಬತ್ತಿ ಹಚ್ಚಲು ಹೋದಳು, ಕಡ್ಡಿ ಮತ್ತೆ ಮತ್ತೆ ಆರಿತು. ನಾನೇ ಅವಳ ಕೈ ಹಿಡಿದು ಹಚ್ಚಿಸಿದೆ.

ಈಗಲೂ ಅತಿಥಿಗಳನ್ನು ತನಾ ಲೋಟ್‌ಗೆ ಕರೆದೊಯ್ದು ಪಾರ್ಕಿಂಗಿನಲ್ಲಿ ಕೂರುತ್ತೇನೆ. ಅಜ್ಜಿಯರ ಮಾತು ಸುಳ್ಳಾಗಲಿಲ್ಲ. ಜೋಡಿ ಬೇರೆಯಾಗುತ್ತದೆ ಎಂದಿದ್ದರು, ಆಯಿತು. ಮರೆತುಹೋಗುತ್ತದೆ ಎಂದು ಅವರು ಯಾರೂ ಹೇಳಿರಲಿಲ್ಲ, ಅದನ್ನು ನಾವಿಬ್ಬರೇ ಸೇರಿಸಿಕೊಂಡಿದ್ದೆವು. ಯಾವ ದೇಶದಲ್ಲೋ, ಹೆಸರೂ ಗೊತ್ತಿಲ್ಲದ ಹುಡುಗಿಯೊಬ್ಬಳ ಫೋನಿನಲ್ಲಿ, ಹಣೆಗೆ ಅಕ್ಕಿ ಹಚ್ಚಿಕೊಂಡು ನಾವು ನಿಂತಿದ್ದೇವೆ. ನೋಡಿದವರಿಗೆಲ್ಲ ಅವಳು ನಮ್ಮನ್ನು ಗಂಡ ಹೆಂಡತಿ ಎಂದೇ ತೋರಿಸುತ್ತಿರಬೇಕು.