ಕೊರಳಿಗೆ ಅಂಟಿದ ಮಾತು

"ನೀವೇ ಹೇಳಿ. ನಿಮಗೂ ನನ್ನ ನಕ್ಷತ್ರವೇ ಮುಖ್ಯವಾ?"

ಉಪ್ಪಿಟ್ಟಿನ ಚಮಚಗಳು ಅಲ್ಲಲ್ಲೇ ನಿಂತವು. ಶೆಟ್ಟಿಕೊಪ್ಪದ ಆ ಪುಟ್ಟ ಪಡಸಾಲೆಯಲ್ಲಿ, ನೋಡಲು ಬಂದ ಗಂಡನ್ನೇ ಸಿರಿ ಪ್ರಶ್ನೆ ಕೇಳಿದ್ದಳು!

ಗಂಡಿನ ಸೋದರತ್ತೆ ಬಸವಮ್ಮ ಆಗಷ್ಟೇ ರಾಗ ಎಳೆದಿದ್ದರು. "ಹುಡುಗಿ ಲಕ್ಷಣವಾಗಿದಾಳೆ. ಆದ್ರೆ ಮೂಲಾ ನಕ್ಷತ್ರ... ಮಾವನ ಜೀವಕ್ಕೇ ಕುತ್ತಂತಲ್ಲ!"

ಎನ್.ಆರ್. ಪುರದಲ್ಲಿ ಸಿರಿಗೆ ಸ್ವಂತ ಟೈಲರಿಂಗ್ ಅಂಗಡಿಯಿತ್ತು. ಆದರೂ ಬಂದವರೆಲ್ಲ ನೋಡಿದ್ದು ಆ ಒಂದು ನಕ್ಷತ್ರವನ್ನೇ.

ಗಂಡು ಸೋಮನಾಥ್ ಅವಳತ್ತ ಕಣ್ಣೆತ್ತಿದ. ಎಂಥಾ ಕಣ್ಣುಗಳವು! ತುಟಿ ಅದುರಿತು... ಕೊರಳ ನರ ಉಬ್ಬಿತು... ಆಮೇಲೆ ತಲೆ ತಗ್ಗಿಸಿಬಿಟ್ಟ.

'ಉತ್ತರ ಕೊಡೋಕೂ ನಾನು ಯೋಗ್ಯಳಲ್ಲವಾ?'

"ಜಂಬದವನು!" ಎಲ್ಲರಿಗೂ ಕೇಳುವಂತೆ ಅಂದಳು ಸಿರಿ.

ಅವರು ಎದ್ದು ಹೋದರು.

ಮೂರನೇ ದಿನ ಬೆಳಿಗ್ಗೆ ಅಜ್ಜಿ ವೀರಬಸಮ್ಮ ತಾವೇ ದೀಪದ ಮಸಿ ಹಿಡಿದು ಮಾಡಿದ ಕಾಡಿಗೆಯ ಡಬ್ಬಿ ಮುಂದಿಟ್ಟರು.

"ನಿನಗೆ ಮೂಲಾ ಅಂತ ಹೆಸರು ಅಂಟಿಸಿದವರನ್ನ ನೀನು ಬೈತಿದ್ದೆ. ಈಗ ನೀನೂ ಒಬ್ಬರಿಗೆ ಅಂಟಿಸಿದೆಯಲ್ಲ ಮಗಾ! ಇದನ್ನ ಕಣ್ಣಿಗೆ ಹಚ್ಚು, ಜನ ಅಂದದ್ದೆಲ್ಲ ಮೈಮೇಲೆ ಕಾಣ್ತದೆ. ಅಂಟಿಸಿದವರೇ ಕೀಳಬೇಕು. ಅದೂ ಆ ಮಾತು ಕೇಳಿದವರ ಎದುರೇ."

'ಅಜ್ಜಿಯ ಇನ್ನೊಂದು ಕಥೆ!' ನಗುತ್ತಲೇ ಹಚ್ಚಿಕೊಂಡಳು. ಕನ್ನಡಿ ನೋಡಿದಳು... ನಗು ಆರಿತು. ಹಣೆಯ ತುಂಬ ಚೀಟಿಗಳು. ಹತ್ತಾರು ಕೈಬರಹ, ಒಂದೇ ಪದ. ಮೂಲಾ.

ಸಂಜೆ ಅಂಗಡಿ ಮುಚ್ಚಿ ಬಸ್‌ಸ್ಟ್ಯಾಂಡಿಗೆ ಬಂದರೆ, ಮುತ್ತಿನಕೊಪ್ಪದ ಬಸ್ಸಿನ ಕಿಟಕಿಯಲ್ಲಿ ಸೋಮನಾಥ್!

"ಎಲ್ಲಿಗೋ ತೊದಲ?" ಕಂಡಕ್ಟರ್ ಕೇಳಿದ.

ಸೋಮನಾಥನ ಬಾಯಿ ತೆರೆಯಿತು. ಸದ್ದಿಲ್ಲ. ಮೊಬೈಲಿನಲ್ಲಿ ಊರ ಹೆಸರು ಬರೆದು ತೋರಿಸಿದ.

"ಮೂರು ದಿನದಿಂದ ಆ ತೊದಲು ಮಾತೂ ಬರ್ತಿಲ್ವಲ್ಲ ಮಾರಾಯ!"

ಸಿರಿ ನೋಡಿದಳು. ಅವನ ಕೊರಳ ಸುತ್ತ ಪದರ ಪದರವಾಗಿ 'ತೊದಲ'. ಎಲ್ಲದರ ಮೇಲೆ, ಉಳಿದಿದ್ದ ಒಂದು ಸಂದನ್ನೂ ಮುಚ್ಚಿ, 'ಜಂಬದವನು'. ಅವಳದೇ ದುಂಡು ಅಕ್ಷರ!

'ಅಯ್ಯೋ... ಅವರ ದನಿ ಕಟ್ಟಿದ್ದು ನಾನು!'

ಬಸ್ ಹತ್ತಿದಳು. "ತಪ್ಪಾಯ್ತು," ಎಂದು ಪಿಸುಗುಟ್ಟಿದಳು. ಚೀಟಿಯ ಅಂಚೂ ಏಳಲಿಲ್ಲ. ಸರಿ, ಕೇಳಿದವರ ಎದುರೇ!

ಮುತ್ತಿನಕೊಪ್ಪದಲ್ಲಿ ಇಳಿದು ಗಂಡಿನ ಮನೆಗೆ ಹೆಣ್ಣು ತಾನಾಗಿ ನಡೆದು ಬಂದದ್ದು ಕಂಡು ಬಸವಮ್ಮ ಬಾಗಿಲಿಗೆ ಅಡ್ಡ ನಿಂತರು. "ಮೂಲಾ ಹುಡುಗಿ ಇಲ್ಲಿಗೆ ಎಂತಕ್ಕೆ ಬಂತು?"

"ನನ್ನ ಹೆಸರು ಸಿರಿ!" ಅವಳು ತಲೆ ತಗ್ಗಿಸಲಿಲ್ಲ. "ಮಾವನಿಗೆ ಆಗಲ್ಲ ಅಂದ್ರಲ್ಲ, ಅವರ ಎದುರೇ ನಿಂತಿದೀನಿ. ಏನಾಗ್ತದೋ ನೋಡೇಬಿಡಿ!"

ಸೋಮನಾಥನ ಅಪ್ಪ ಪರಮಶಿವಯ್ಯ ಜಗಲಿಯಿಂದಲೇ ಗೊಣಗಿದರು. "ನನಗೆ ಎಂತದೂ ಆಗಿಲ್ಲ. ಕಾಫಿ ಆರಿದೆ, ಅಷ್ಟೆ."

ಸಿರಿ ಸೋಮನಾಥನ ಕಡೆ ತಿರುಗಿದಳು. "ಅವತ್ತು ನಾನು ಅಂದದ್ದು ಸುಳ್ಳು. ಇವರು ಜಂಬದವರಲ್ಲ. ನನಗೇ ತಾಳ್ಮೆ ಇರಲಿಲ್ಲ."

ದುಂಡಕ್ಷರದ ಚೀಟಿ ಒಣಗೆಲೆಯಂತೆ ಉದುರಿತು!

"ನ... ನನ..."

"ನನಗೆ ಬೇಡ ಅಂತಿದಾನೆ," ಬಸವಮ್ಮ ಮುಗಿಸಿಕೊಟ್ಟರು.

"ಅತ್ತೆ! ಅವರ ಮಾತು ಅವರೇ ಮುಗಿಸ್ಲಿ."

ಎಲ್ಲರೂ ಕಾದರು. ಆ ಮನೆಯಲ್ಲಿ ಅದೇ ಮೊದಲ ಸಲ.

"ನ... ನನಗೆ ನಕ್ಷತ್ರ ಬೇಡ. ಸಿ... ಸಿರಿ ಬೇಕು."

ಅವಳ ಹಣೆ ಹಗುರಾಯಿತು. ಕಣ್ಣು ತುಂಬಿ ಕಾಡಿಗೆ ಕರಗಿತು. ಈಗ ಯಾವ ಚೀಟಿಯೂ ಕಾಣುತ್ತಿರಲಿಲ್ಲ, ಅವನ ಮುಖ ಮಾತ್ರ.

"ಅವತ್ತೇ ಹೇಳ್ಬಹುದಿತ್ತಲ್ಲ!"

"ಹೇ... ಹೇಳ್ತಿದ್ದೆ. ನೀವು ಕಾಯಲಿಲ್ಲ."

"ಇನ್ಮೇಲೆ ಕಾಯ್ತೀನಿ. ಎಷ್ಟು ಹೊತ್ತಾದ್ರೂ."

"ಕಾ... ಕಾ..."

ಅವಳು ಕಾದಳು. ಒಂದಕ್ಷರವನ್ನೂ ಎತ್ತಿಕೊಡಲಿಲ್ಲ.

"ಕಾಡಿಗೆ... ಕೆನ್ನೆಗೆಲ್ಲ ಇಳಿದಿದೆ ಮಾರಾಯ್ತಿ!"