ನುಂಗದ ಗುಟುಕು

“ಥೂ!”

ಅವಳು ಅವನಿಗೆ ಹೇಳಿದ ಮೊದಲ ಮಾತೇ ಅದು! ಚಹಾ ಕಂಪನಿಯ ರುಚಿ ನೋಡುವ ಕೋಣೆಯಲ್ಲಿ, ಹೊಸದಾಗಿ ಸೇರಿದವನು ಚೆನ್ನಾಗಿದೆಯೆಂದು ಆರಿಸಿಟ್ಟ ಚಹಾವನ್ನು ಬಾಯಲ್ಲಿ ಆಡಿಸಿ, ಆ ಕೆಲಸದ ರೂಢಿಯಂತೆ ನುಂಗದೆ ಡಬ್ಬಕ್ಕೆ ಉಗುಳಿದ್ದಳು. ಅರ್ಧ ಅವನ ಬೂಟಿನ ಮೇಲೆ ಬಿತ್ತು.

“ಹೊತ್ತಿದ ವಾಸನೆ. ಮೂಗು ಮನೇಲಿ ಬಿಟ್ಟು ಬಂದ್ರಾ?”

“ಬೂಟು ಬಿಟ್ಟು ಬರಬೇಕಿತ್ತು ಮೇಡಂ.”

ಅಂದಿನಿಂದ ಆ ಎತ್ತರದ ಮನುಷ್ಯ ಅವಳ ಪಾಲಿಗೆ ‘ಕಂಬ’. ಅವಳು ಅವನಿಗೆ ‘ಕುಳ್ಳಿ ಮೇಡಂ’. ಅಕ್ಕಪಕ್ಕದ ಮೇಜು, ದಿನವಿಡೀ ಜಗಳ... ಅದು ಯಾವಾಗ ಪ್ರೀತಿಯಾಯಿತೋ, ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅವಳ ಗಂಟಲಿಗೆ ಕ್ಯಾನ್ಸರ್ ಬಂತು.

ವಿಕಿರಣ ಚಿಕಿತ್ಸೆ ಅರ್ಧ ಮುಗಿಯುವಷ್ಟರಲ್ಲಿ ನೀರು ನುಂಗಿದರೂ ಗಾಜಿನ ಪುಡಿ ನುಂಗಿದ ಹಾಗಾಗಿತ್ತು. ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು.

“ತೂಕ ಇನ್ನೂ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತೆ,” ಡಾಕ್ಟರಮ್ಮ ಹೇಳಿದರು. “ಹೊಟ್ಟೆಗೆ ನೇರವಾಗಿ ಒಂದು ಸಣ್ಣ ಟ್ಯೂಬ್. ನೀವು ಚೆನ್ನಾಗಿ ನುಂಗೋ ಹಾಗಾದ ಮೇಲೆ ತೆಗೆದುಬಿಡ್ತೀವಿ.”

“ಬೇಡ! ಬಾಯಿ ಇಟ್ಕೊಂಡು ಹೊಟ್ಟೆಗೆ ಪೈಪ್ ಹಾಕಿಸ್ಕೊಳ್ಳೋಕೆ ನಾನೇನು ನೀರಿನ ಟ್ಯಾಂಕಾ?”

“ಅಕ್ಕಾ, ಹಟ ಸಾಕು...” ತಂಗಿ ಕಣ್ಣೊರೆಸಿಕೊಂಡಳು.

ಹಟದ ಕೆಳಗೆ ಭಯವಿತ್ತು. ಬಾಯೇ ಅವಳ ಅನ್ನ, ಬಾಯೇ ಅವಳ ಹೆಸರು. ಟ್ಯೂಬಿಗೆ ಹೂಂ ಅಂದರೆ, ಈ ಬಾಯಿಯ ಕಥೆ ಮುಗಿಯಿತು ಎಂದು ತಾನೇ ಒಪ್ಪಿಕೊಂಡಂತೆ...

ಇದರ ಮೇಲೆ ತಂಗಿ ತಂದ ಸುದ್ದಿ ಬೇರೆ. ಅವಳ ಮೇಜಿನ ಕೆಲಸಕ್ಕೆ ಈಗ ಕಂಬ ನಿಂತಿದ್ದಾನಂತೆ! ಅದಕ್ಕೇ ಇರಬೇಕು, ಆಸ್ಪತ್ರೆ ಕಡೆ ತಲೆಹಾಕಿಲ್ಲ. ‘ಇಷ್ಟು ಬೇಗ ನನ್ನ ಆಸೆ ಬಿಟ್ಟನಾ?’

ಅಂದು ಸಂಜೆ ಅವನೇ ಬಂದ. ಕೈಯಲ್ಲಿ ಫ್ಲಾಸ್ಕು, ಕಪ್ಪು, ಒಂದು ಬಟ್ಟಲು.

“ಬನ್ನಿ ಬನ್ನಿ! ನನ್ನ ಮೇಜು ಹಿಡಿಸ್ತಾ?”

“ಎಲ್ಲಿ ಹಿಡಿಸುತ್ತೆ? ಕುಳ್ಳಿಯರ ಮೇಜು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯ್ತು.”

“ಮತ್ಯಾಕೆ ನಿಂತ್ರಿ?”

“ಬೇರೆಯವರನ್ನ ತರ್ತೀನಿ ಅಂದ್ರು ಮಾಲೀಕರು. ನೀವು ಬರೋವರೆಗೂ ಎರಡೂ ಮೇಜು ನಾನೇ ನೋಡ್ತೀನಿ ಅಂದೆ. ಅದಕ್ಕೇ ಈ ಕಡೆ ಬರೋಕಾಗ್ಲಿಲ್ಲ.”



ಅವನು ಆರಿದ ಚಹಾ ಬಗ್ಗಿಸಿದ. “ನಾಳೆ ಇದನ್ನ ಪಾಸ್ ಮಾಡಬೇಕು. ಒಂದ್ಸಲ ನೋಡಿ.”

“ರುಚಿ ಎಲ್ಲಿ ಗೊತ್ತಾಗುತ್ತೆ ನನಗೆ? ಎಲ್ಲಾ ತಗಡು ನೆಕ್ಕಿದ ಹಾಗೆ.”

“ಮೂಗು?”

ಕಪ್ಪನ್ನು ಮೂಗಿನ ಹತ್ತಿರ ತಂದಳು. ಹುಬ್ಬು ಗಂಟಿಕ್ಕಿತು. ತಡೆಯಲಾರದೆ ಒಂದು ಹನಿ ಬಾಯಿಗೆ ಬಿಟ್ಟುಕೊಂಡಳು. ಉರಿ... ಉರಿ! ಬಟ್ಟಲಿಗೆ ಉಗುಳಿದಳು.

“ಥೂ! ಹೊತ್ತಿದೆ ಕಣ್ರೀ. ಇದನ್ನ ಪಾಸ್ ಮಾಡ್ತೀರಾ?”

“ಇನ್ನು ಮಾಡಲ್ಲ,” ಅವನ ಮುಖ ಅರಳಿತು.

ಅವಳು ಬಟ್ಟಲನ್ನೇ ನೋಡುತ್ತ ಕುಳಿತಳು. ಇಷ್ಟು ವರ್ಷ ಬಾಯಿಗೆ ಹಾಕಿದ್ದನ್ನೆಲ್ಲ ಉಗುಳಿಯೇ ದುಡಿದಿದ್ದಳು. ಒಂದು ಗುಟುಕೂ ಹೊಟ್ಟೆಗಿಳಿದಿರಲಿಲ್ಲ! ಹೊಟ್ಟೆ ಟ್ಯೂಬಿನ ದಾರಿಯಲ್ಲೇ ತುಂಬಿಕೊಳ್ಳಲಿ... ತುಂಬಿದರೆ ತಾನೇ ಈ ಬಾಯಿ ಮತ್ತೆ ಜಗಳಕ್ಕೆ ನಿಲ್ಲುವುದು?

“ಡಾಕ್ಟರನ್ನ ಕರಿ,” ಎಂದಳು ಬಾಗಿಲಲ್ಲಿ ನಿಂತಿದ್ದ ತಂಗಿಗೆ.

ಬಂದವರಿಗೆ ಎದ್ದು ಕೂತೇ ಹೇಳಿದಳು. “ಟ್ಯೂಬ್ ಹಾಕಿ. ನೀವು ಹೆದರಿಸಿದ್ರಿ ಅಂತಲ್ಲ, ಇವಳು ಅತ್ತಳು ಅಂತಲೂ ಅಲ್ಲ. ನಾನು ಹೇಳ್ತಿದ್ದೀನಿ ಅಂತ! ಈ ಕಾಯಿಲೆ ನನ್ನನ್ನ ಉಪವಾಸ ಕೆಡವಿ ಗೆಲ್ಲೋದು ಬೇಡ.”

“ಅಪ್ಪಣೆ ತಾಯಿ,” ಡಾಕ್ಟರಮ್ಮ ನಕ್ಕರು. “ಆದ್ರೆ ದಿನಾ ಒಂದೊಂದು ಗುಟುಕು ನೀರು ನುಂಗ್ತಾನೇ ಇರಬೇಕು, ಗಂಟಲು ನುಂಗೋದು ಮರೀಬಾರದು.”

ಇಬ್ಬರೇ ಉಳಿದಾಗ ಕಂಬ ತಲೆ ಕೆರೆದುಕೊಂಡ.

“ಟ್ಯೂಬಲ್ಲಿ ನಿಮ್ಮ ಊಟ ಹೋಗೋವಾಗ... ಪಕ್ಕದಲ್ಲಿ ಕೂತು ನಾನೂ ಊಟ ಮಾಡಲಾ? ಸಂಕಟ ಆಗಲ್ವಾ?”

“ಆಗುತ್ತೆ. ಆದ್ರೂ ನನ್ನೆದುರೇ ತಿನ್ನಬೇಕು. ಉಪ್ಪು ಕಮ್ಮಿನಾ, ಖಾರ ಜಾಸ್ತಿನಾ, ಎಲ್ಲಾ ಹೇಳಬೇಕು!”

ಅವಳು ಜಾರುತ್ತಿದ್ದ ಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. “ಇದು ನನ್ನ ಕೈಗೆ ಸರಿಯಾಗಿ ಕೂರೋವರೆಗೂ ನಿಮ್ಮ ಹತ್ರ ಇರಲಿ.”

“ಆಮೇಲೆ ಕೊಟ್ಟು ಹೋಗ್ಬೇಕಾ?”

ಅವಳು ಅವನ ಬೆರಳುಗಳನ್ನು ಗಡಿಯಾರದ ಮೇಲೆ ಮಡಚಿದಳು.

“ಕೊಡು. ಹೋಗಬೇಡ.”