ಬದನೆಕಾಯಿ ಹಾರದ ಶಾಪ

ನಿಮ್ಮ ಅಜ್ಜಿಯ ಅಜ್ಜಿ ಇನ್ನೂ ಹುಟ್ಟದಿದ್ದ ಕಾಲ. ಏಳು ಬೆಟ್ಟಗಳ ಆಚೆ ಹೊಂಬಾಳಪುರವೆಂಬ ರಾಜ್ಯವಿತ್ತು.

ಬೇರೆ ರಾಜ್ಯಗಳಲ್ಲಿ ಕತ್ತಿ ಹಿಡಿದವನಿಗೆ ಬಿರುದು, ಕಾವ್ಯ ಬರೆದವನಿಗೆ ಬಿರುದು. ಹೊಂಬಾಳಪುರದಲ್ಲಿ ದೊಡ್ಡ ಬಿರುದು ಸಿಗುತ್ತಿದ್ದದ್ದು ಪೆದ್ದು ಪ್ರಶ್ನೆ ಕೇಳಿ, ಅದರ ಹಿಂದೆ ಬಿದ್ದು, ಉತ್ತರ ಹುಡುಕಿ ತಂದವರಿಗೆ. ಒಬ್ಬರು ಆಕಳಿಸಿದರೆ ಪಕ್ಕದವರೂ ಯಾಕೆ ಆಕಳಿಸುತ್ತಾರೆ? ತನಗೆ ತಾನೇ ಕಚಗುಳಿ ಇಟ್ಟುಕೊಂಡರೆ ನಗು ಯಾಕೆ ಬರುವುದಿಲ್ಲ? ಇಂಥವು. ಗೆದ್ದವರ ಕೊರಳಿಗೆ ರಾಜ ಸುಮುಖ ತಾನೇ ಬದನೆಕಾಯಿ ಹಾರ ಹಾಕಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರು ಸುತ್ತಿಸುತ್ತಿದ್ದ. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ನಕ್ಕಷ್ಟೂ ಮರ್ಯಾದೆ ಹೆಚ್ಚು. ಹೊರಗಿನವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಪಾಪ, ಅವರ ತಪ್ಪೂ ಅಲ್ಲ ಬಿಡಿ.

ಹೀಗೆ ಅರ್ಥವಾಗದೆ ಕೆಟ್ಟವನು ಉಗ್ರಜಟ. ದೂರದೇಶದಿಂದ ಬಂದು ಆ ಊರಲ್ಲಿ ನೆಲೆಸಿದ್ದ ಮಾಂತ್ರಿಕ. ಒಂದು ವರ್ಷ ಹಾರ ಅವನ ಕೊರಳಿಗೇ ಬಿದ್ದಿತ್ತು. ಕತ್ತೆಯ ಮೇಲೆ ಕೂತವನಿಗೆ ಸುತ್ತಲೂ ಕಂಡದ್ದು ಬರೀ ಹಲ್ಲು. ಮಾನ ಹೋಯಿತೆಂದು ಸಿಟ್ಟಾಗಿ ಕರಿಬೆಟ್ಟ ಸೇರಿದ. ಅಲ್ಲಿ ಕೂತು ಕೊರಗಿ ಕೊರಗಿ, ಕಡೆಗೊಂದು ದಿನ ಆ ಹಾರಕ್ಕೇ ಶಾಪ ಹಾಕಿದ.

ಶಾಪ ಬಿದ್ದ ವರ್ಷ ಬಿರುದು ಗೆದ್ದವನು ಮಾಳಿಂಗ. ಮೊದಲ ದೋಸೆಯೇ ಯಾಕೆ ಹರಿಯುತ್ತದೆ ಎಂದು ಕಂಡುಹಿಡಿದಿದ್ದ. ರಾಜ ಹಾರ ಹಾಕಿ ಕತ್ತೆಯ ಮೇಲೆ ಕೂರಿಸಿದ್ದೇ ತಡ, ಮಾಳಿಂಗ ಕೂತಲ್ಲೇ ಕಲ್ಲಾದ. ಭಾರ ತಾಳಲಾರದೆ ಕತ್ತೆ ಅಲ್ಲೇ ಕೂತಿತು. ಕರಿಬೆಟ್ಟದ ಕಡೆಯಿಂದ ಗೂಬೆಯೊಂದು ಹಾರಿಬಂದು ಹೇಳಿತು: "ಅಮಾವಾಸ್ಯೆಯೊಳಗೆ ಉಗ್ರಜಟನ ಸಿಟ್ಟು ಇಳಿಯದಿದ್ದರೆ ಈ ಕಲ್ಲು ಪುಡಿಯಾಗುತ್ತದೆ."

ಮಾಳಿಂಗನಿಗೆ ಇದ್ದದ್ದು ತಂಗಿ ದೇವೀರಿ ಒಬ್ಬಳೇ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವನು ಅವನೇ. ರಾಜ ಸೈನ್ಯ ಕಳಿಸುತ್ತೇನೆಂದ.

"ಸೈನ್ಯ ಕಂಡ್ರೆ ಅವನ ಸಿಟ್ಟು ಇನ್ನೂ ಏರುತ್ತೆ ಮಹಾಸ್ವಾಮಿ. ನಾನೇ ಹೋಗಿ ಮಾತಾಡ್ತೀನಿ," ಎಂದಳು ದೇವೀರಿ.

ಹೋದಳು, ಹೋದಳು, ಕರಿಬೆಟ್ಟದ ಬುಡಕ್ಕೆ ಬಂದಳು. ಅಲ್ಲಿ ಸಾವಿರ ಕಣ್ಣಿನ ರಾಕ್ಷಸ ಕೂತಿದ್ದ. "ನಾನು ಮಲಗಿದರೆ ದಾರಿ, ಎಚ್ಚರಿದ್ದರೆ ಮಾರಿ," ಎಂದ. ದೇವೀರಿ ಅವನೆದುರು ಕೂತು ನಿಧಾನವಾಗಿ ಬಾಯಿ ತೆರೆದು ಆಕಳಿಸಿದಳು. ಸಾವಿರ ಕಣ್ಣೂ ಅದನ್ನು ನೋಡಿದವು. ಎರಡು ಕಣ್ಣಿನ ನಮಗೇ ತಡೆಯಲಾಗದು, ಅವನಿಗೆ ತಡೆಯಲಾದೀತೇ? ಆಕಳಿಸಿ ಆಕಳಿಸಿ ಗೊರಕೆ ಹೊಡೆದ. ಅವಳು ದಾಟಿದಳು.

ಹೋದಳು, ಹೋದಳು, ನಡುಬೆಟ್ಟಕ್ಕೆ ಬಂದಳು. ಅಲ್ಲಿ ಬೆಂಕಿ ಪಟ್ಟೆಯ ಹುಲಿ ನಿಂತಿತ್ತು. "ನನ್ನನ್ನು ನಗಿಸಿದರೆ ದಾರಿ, ನಗಿಸದಿದ್ದರೆ ಮಾರಿ. ನಾನೇ ಎಷ್ಟೋ ಸಲ ಕಚಗುಳಿ ಇಟ್ಟುಕೊಂಡೆ, ನಗು ಬರಲೇ ಇಲ್ಲ," ಎಂದಿತು.

"ಹುಲಿಯಣ್ಣ, ಅದು ಬೇರೆಯವರ ಕೈಯಲ್ಲೇ ಆಗಬೇಕಾದ ಕೆಲಸ. ಸ್ವಲ್ಪ ಕಾಲೆತ್ತು," ಎಂದಳು ದೇವೀರಿ. ಹುಲಿ ಕಾಲೆತ್ತಿತು. ಕಂಕುಳಿಗೆ ಬೆರಳು ತಾಗಿದ್ದೇ ತಡ, ಬಿದ್ದು ಬಿದ್ದು ನಕ್ಕಿತು. ಅವಳು ದಾಟಿದಳು.

ಹೋದಳು, ಹೋದಳು, ಬೆಟ್ಟದ ನೆತ್ತಿಗೆ ಬಂದಳು. ಮಾಂತ್ರಿಕನ ಗುಹೆಯ ಸುತ್ತ ಕುದಿಯುವ ಹಾಲಿನ ಕಂದಕ. "ನಾನು ಉಕ್ಕದಿದ್ದರೆ ದಾರಿ, ಉಕ್ಕಿದರೆ ಮಾರಿ," ಎನ್ನುತ್ತಾ ಹಾಲು ಬುಸುಬುಸು ಏರತೊಡಗಿತು. ಇಲ್ಲೇ ಬೆಂದುಹೋದರೆ ಅಣ್ಣನ ಗತಿಯೇನು ಎಂದು ದೇವೀರಿಗೆ ಅಳು ಬಂತು. ಅಷ್ಟರಲ್ಲಿ ದಿನಾ ಬೆಳಿಗ್ಗೆ ಮನೆಯಲ್ಲಿ ಮಾಡುವ ಕೆಲಸ ನೆನಪಾಯಿತು. ಸುತ್ತ ನೋಡಿದಳು. ತೊಗಟೆ ಕಳಚಿದ ಒಣಮರವೊಂದು ಬಿದ್ದಿತ್ತು. ಇದ್ದ ಬಲವನ್ನೆಲ್ಲ ಹಾಕಿ ಅದನ್ನು ತಳ್ಳಿ, ಈ ದಡದಿಂದ ಆ ದಡಕ್ಕೆ ಅಡ್ಡ ಹಾಕಿದಳು. ನೊರೆ ಮರಕ್ಕೆ ತಾಗಿ ಒಡೆಯಿತು, ಹಾಲು ತಗ್ಗಿತು. ಅದೇ ಮರದ ಮೇಲೆ ನಡೆದು ದಾಟಿದಳು.

ಗುಹೆಯ ಬಾಗಿಲಲ್ಲಿ ಉಗ್ರಜಟ ನಿಂತಿದ್ದ. ಮಂತ್ರದ ಕೋಲು ಎತ್ತಿದವನು ಎತ್ತಿದ ಹಾಗೇ ಇದ್ದ.

"ಹಾಲಿಗೆ ಅಡ್ಡ ಮರ ಇಡೋದನ್ನ ನಿನಗೆ ಯಾರು ಹೇಳಿಕೊಟ್ರು?"

"ಹೇಳಿಕೊಡೋದೇನಜ್ಜ? ಹಾಲಿನ ಪಾತ್ರೆ ಮೇಲೆ ಮರದ ಸೌಟು ಅಡ್ಡ ಇಡದ ಮನೆ ನಮ್ಮೂರಲ್ಲಿ ಒಂದೂ ಇಲ್ಲ. ಉಗ್ರಜಟನ ಸೌಟು ಅಂತಲೇ ಅದಕ್ಕೆ ಹೆಸರು."

ಮಾಂತ್ರಿಕ ಕುಸಿದು ಕೂತ. ಹಾಲು ಯಾಕೆ ಉಕ್ಕುತ್ತದೆ, ಉಕ್ಕದಂತೆ ತಡೆಯುವುದು ಹೇಗೆ ಎಂದು ವರ್ಷಗಟ್ಟಲೆ ಒಲೆಯ ಮುಂದೆ ಕೂತು, ಗಡ್ಡ ಸುಟ್ಟುಕೊಂಡು ಕಂಡುಹಿಡಿದವನು ಅವನೇ. ಅವನಿಗೆ ಹಾರ ಬಿದ್ದದ್ದು ಅದಕ್ಕೇ.

"ಹಾಗಾದ್ರೆ ಅವತ್ತು ಎಲ್ಲರೂ ನಕ್ಕಿದ್ದು?"

"ನಕ್ಕಿದ್ದೂ ನಿಜ ಅಜ್ಜ. ಮನೆಗೆ ಹೋಗಿ ಸೌಟು ಇಟ್ಟಿದ್ದೂ ನಿಜ."

"ನನಗೆ ಯಾರೂ ಬಂದು ಹೇಳಲಿಲ್ಲವಲ್ಲ ಮಗಳೇ."

"ಹೇಳಬೇಕಿತ್ತು. ಆ ತಪ್ಪು ನಮ್ಮದೇ. ಅದಕ್ಕೆ ನನ್ನಣ್ಣ ಯಾಕೆ ಕಲ್ಲಾಗಿರಬೇಕು?"

ಉಗ್ರಜಟ ಗೊಳೋ ಎಂದು ಅತ್ತ. ಅತ್ತು ಅತ್ತು, ಸುಟ್ಟ ಗಡ್ಡ ನೆನಪಾಗಿ ನಕ್ಕ. ಅವನು ನಕ್ಕ ಗಳಿಗೆಯಲ್ಲೇ ಅತ್ತ ಊರಿನಲ್ಲಿ ಕಲ್ಲು ಸೀನಿತು. ಮಾಳಿಂಗ ಕಣ್ಣುಜ್ಜಿಕೊಂಡು ಎದ್ದು, ಹಸಿವು ಎಂದ.

ಮಾಂತ್ರಿಕನ ಕೈಹಿಡಿದು ಊರಿಗೆ ಬಂದ ದೇವೀರಿ ಅಣ್ಣನ ಬೆನ್ನಿಗೆ ಒಂದು ಗುದ್ದು ಹಾಕಿದಳು, ಆಮೇಲೆ ಅವನನ್ನು ತಬ್ಬಿಕೊಂಡು ಅತ್ತಳು. "ಇನ್ನು ಮೊದಲ ದೋಸೆ ಹರಿದ್ರೆ ಹರೀಲಿ, ಸುಮ್ನೆ ತಿನ್ನಣ್ಣ," ಎಂದಳು. ರಾಜನಿಗೂ ಎದೆಯ ಭಾರ ಇಳಿಯಿತು. ಇನ್ನು ಮುಂದೆ ಹಾರ ಹಾಕಿಸಿಕೊಂಡವರ ಮನೆಗೆ ಹೋಗಿ, ಅವರು ಕಂಡುಹಿಡಿದದ್ದರಿಂದ ಏನು ಉಪಕಾರವಾಯಿತೆಂದು ಊರಿನವರು ಬಾಯಿಬಿಟ್ಟು ಹೇಳಿ ಬರಬೇಕೆಂದು ಕಟ್ಟಳೆ ಮಾಡಿದ.

ಉಗ್ರಜಟ ಮಾತ್ರ ಊರ ಮೊದಲ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದ. ಒಳಗೆ ಒಲೆಯ ಮೇಲೆ ಪಾತ್ರೆಯಿತ್ತು, ಪಾತ್ರೆಯ ಮೇಲೆ ಸೌಟಿತ್ತು. ಮನೆಯೊಡತಿ ಅವನ ಗುರುತು ಹಿಡಿದು, "ಒಳಗೆ ಬನ್ನಿ, ನಿಮ್ಮದೇ ಹಾಲು," ಎಂದಳು. ಅವನು ಒಳಗೆ ಹೋದ.

ಅಂದಿನಿಂದ ಹೊಂಬಾಳಪುರದಲ್ಲಿ ಹಾಲೂ ಉಕ್ಕಲಿಲ್ಲ, ಸಿಟ್ಟೂ ಉಕ್ಕಲಿಲ್ಲ. ಎಲ್ಲರೂ ನಗುನಗುತ್ತಾ ನೆಮ್ಮದಿಯಾಗಿದ್ದರು.